ಪೊಕೆಮಾನ್ ಬೇಸ್ ಸೆಟ್ (1999): ಯಾವ ಮುದ್ರಣ ಅಂತ ಗುರುತಿಸೋದು, ಬೆಲೆ ಕಟ್ಟೋದು, ಗ್ರೇಡಿಂಗ್‌ಗೆ ಕಳಿಸೋದು

ಕುಡ್ಲ_ಬೈಂಡರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಿಂದ ಮಂಗಳೂರಿಗೆ ಬಂದಿರುವ ಹಳೇ ಬೈಂಡರ್ ಒಂದಿದೆ. ಮುನ್ನೂರಕ್ಕೂ ಹೆಚ್ಚು ಪೊಕೆಮಾನ್ ಕಾರ್ಡು, ಎಲ್ಲವೂ ಇಂಗ್ಲಿಷ್, ಬಹುತೇಕ 1999–2000ದವು. ಬೆಲೆಬಾಳುವಂಥವು ಇರಬಹುದು ಅಂತ ಆರಿಸಿಟ್ಟಿರುವುದು ಇಷ್ಟು (ಹೋಲೋ ಅಂದರೆ ಚಿತ್ರ ಮಿರುಗುವ ಕಾರ್ಡು; 4/102 ಅಂದರೆ 102 ಕಾರ್ಡಿನ ಸೆಟ್ಟಿನಲ್ಲಿ ನಾಲ್ಕನೆಯದು):

ಚಾರಿಝಾರ್ಡ್ 4/102 ಹೋಲೋ, ಮುದ್ರೆ ಇಲ್ಲ
ಚಾರಿಝಾರ್ಡ್ 4/130 ಹೋಲೋ
ಬ್ಲಾಸ್ಟಾಯ್ಸ್ 2/102 ಹೋಲೋ, ಮುದ್ರೆ ಇಲ್ಲ
ಮಚಾಂಪ್ 8/102 ಹೋಲೋ, ‘ಫಸ್ಟ್ ಎಡಿಷನ್’ ಮುದ್ರೆ ಇದೆ
ಪಿಕಾಚು 58/102 ಎರಡು, ಒಂದರ ಕೆನ್ನೆ ಕೆಂಪು, ಇನ್ನೊಂದರದ್ದು ಹಳದಿ
ಫ್ಲೇರಿಯಾನ್ 3/64 ಹೋಲೋ, ಚಿತ್ರದ ಕೆಳಗೆ ಸೆಟ್ಟಿನ ಚಿಹ್ನೆಯೇ ಇಲ್ಲ

ಪ್ರಶ್ನೆಗಳು: (1) ಇವು ಯಾವ ಮುದ್ರಣದವು ಅಂತ ಖಚಿತ ಮಾಡಿಕೊಳ್ಳುವುದು ಹೇಗೆ? (2) ಅಸಲಿಯೋ ನಕಲಿಯೋ ಮನೆಯಲ್ಲೇ ಪರೀಕ್ಷಿಸಬಹುದೇ? (3) ಇಬೇಯಲ್ಲಿ ಒಂದೇ ಕಾರ್ಡಿಗೆ ನೂರು ಡಾಲರೂ ಇದೆ, ಹತ್ತು ಸಾವಿರವೂ ಇದೆ. ಯಾವುದನ್ನು ನಂಬಬೇಕು? (4) ಗ್ರೇಡಿಂಗ್‌ಗೆ, ಅಂದರೆ ಸ್ಥಿತಿ ನೋಡಿ 10ರವರೆಗೆ ಅಂಕ ಕೊಡುವ ಕಂಪನಿಗೆ, ಕಳಿಸುವುದು ಲಾಭವೇ? (5) ಹೋಲೋ ಕಾರ್ಡುಗಳೆಲ್ಲ ಸ್ವಲ್ಪ ಬಾಗಿವೆ, ಕೆಲವು ಬೈಂಡರಿನ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿವೆ. ಏನು ಮಾಡಲಿ?

---

ನೆರಳಿಲ್ಲದವ ಉತ್ತರ:

ಮೊದಲು ಮುದ್ರಣ ಗೊತ್ತಾಗಲಿ. ಅದು ಗೊತ್ತಿಲ್ಲದೆ ಬೆಲೆ ನೋಡುವುದು ದಂಡ.

ಇಂಗ್ಲಿಷ್ ಬೇಸ್ ಸೆಟ್ಟನ್ನು ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 1999ರ ಜನವರಿಯಲ್ಲಿ ಬಿಡುಗಡೆ ಮಾಡಿತು. ಒಟ್ಟು 102 ಕಾರ್ಡು. 1ರಿಂದ 16 ಹೋಲೋ, 17ರಿಂದ 22 ಹೋಲೋ ಅಲ್ಲದ ರೇರ್. ಕೆಳಗಿನ ಬಲಮೂಲೆಯಲ್ಲಿ ನಕ್ಷತ್ರ ಇದ್ದರೆ ರೇರ್, ವಜ್ರದಾಕಾರ ಇದ್ದರೆ ಅನ್‌ಕಾಮನ್, ದುಂಡು ಚುಕ್ಕೆ ಇದ್ದರೆ ಕಾಮನ್. ಬೇಸ್ ಸೆಟ್ಟಿಗೆ ಮಾತ್ರ ಸೆಟ್ ಚಿಹ್ನೆ ಇಲ್ಲ, ಆಮೇಲೆ ಬಂದ ಜಂಗಲ್, ಫಾಸಿಲ್, ಟೀಮ್ ರಾಕೆಟ್ ಎಲ್ಲಕ್ಕೂ ಚಿತ್ರದ ಬಲ ಕೆಳಗೆ ಚಿಹ್ನೆ ಇರುತ್ತದೆ.

ಈ 102 ಕಾರ್ಡು ನಾಲ್ಕು ಬಗೆಯಲ್ಲಿ ಸಿಗುತ್ತವೆ.

ಫಸ್ಟ್ ಎಡಿಷನ್: ಚಿತ್ರದ ಎಡ ಕೆಳಗೆ ಕಪ್ಪು ವೃತ್ತದೊಳಗೆ 1 ಇರುವ ಮುದ್ರೆ. ಚಿತ್ರದ ಚೌಕಟ್ಟಿಗೆ ನೆರಳು ಇರುವುದಿಲ್ಲ.

ಶ್ಯಾಡೋಲೆಸ್: ಮುದ್ರೆ ಇಲ್ಲ, ನೆರಳೂ ಇಲ್ಲ. ಸ್ವಲ್ಪ ಕಾಲ ಮಾತ್ರ ಅಚ್ಚಾಗಿದ್ದು.

ಅನ್‌ಲಿಮಿಟೆಡ್: ಚೌಕಟ್ಟಿನ ಬಲಬದಿಗೆ ದಪ್ಪ ಬೂದುಬಣ್ಣದ ನೆರಳು. ಮನೆಮನೆಯ ಬೈಂಡರಿನಲ್ಲಿ ಇರೋದು ಬಹುಪಾಲು ಇದೇ.

1999–2000: ಬ್ರಿಟನ್ ಕಡೆ ಹೋದ ಕೊನೆಯ ಮುದ್ರಣ. ಇದನ್ನು ‘ಫೋರ್ತ್ ಪ್ರಿಂಟ್’ ಅಂತಾರೆ.

ನೆರಳು ಇದೆಯೋ ಇಲ್ಲವೋ ಅಂತ ಫೋಟೋದಲ್ಲಿ ತಕರಾರು ಬಂದರೆ ಕಾರ್ಡಿನ ಅಡಿಯಲ್ಲಿರುವ ಕಾಪಿರೈಟ್ ಸಾಲು ಓದಿ, ಅಲ್ಲಿಗೆ ಮುಗೀತು. ಶ್ಯಾಡೋಲೆಸ್ ಮತ್ತು ಫಸ್ಟ್ ಎಡಿಷನ್‌ನಲ್ಲಿ ನಿಂಟೆಂಡೋ ಹೆಸರಿನ ಮುಂದೆ 1995, 96, 98, 99 ಅಂತ ನಾಲ್ಕು ಇಸವಿ. ಅನ್‌ಲಿಮಿಟೆಡ್‌ನಲ್ಲಿ 1995, 96, 98 ಅಷ್ಟೇ. ಎರಡರಲ್ಲೂ ಕೊನೆಗೆ 1999 ವಿಝರ್ಡ್ಸ್ ಅಂತ ಇರುತ್ತದೆ, ಅದನ್ನು ಲೆಕ್ಕಕ್ಕೆ ಸೇರಿಸಿ ಗೊಂದಲ ಮಾಡಿಕೊಳ್ಳಬೇಡಿ. ಅಲ್ಲಿ 1999-2000 ವಿಝರ್ಡ್ಸ್ ಅಂತಿದ್ದರೆ ಫೋರ್ತ್ ಪ್ರಿಂಟ್. ಟ್ರೈನರ್ ಮತ್ತು ಎನರ್ಜಿ ಕಾರ್ಡಿಗೂ ಇದೇ ಸಾಲು ನೋಡಿದರೆ ಸುಲಭ. ಅಕ್ಷರ ಇರುವೆಗಿಂತ ಸಣ್ಣ, ಮೊಬೈಲ್ ಕ್ಯಾಮೆರಾದಲ್ಲಿ ಝೂಮ್ ಮಾಡಿ ಓದಿ.

ಇನ್ನು ನಿಮ್ಮ ಪಟ್ಟಿ.

ಚಾರಿಝಾರ್ಡ್ ಮತ್ತು ಬ್ಲಾಸ್ಟಾಯ್ಸ್: ಕಾಪಿರೈಟ್ ಸಾಲು ನೋಡಿ ತಿಳಿಸಿ. ಒಂದು ‘99’ ಇದ್ದರೆ ಬೆಲೆ ಬೇರೆ ಮಟ್ಟದ್ದೇ ಆಗುತ್ತೆ.

4/130: ಇದು ಬೇಸ್ ಸೆಟ್ 2, ಇಸವಿ 2000. ಪೋಕೆ ಬಾಲ್ ಜೊತೆ 2 ಇರುವ ಚಿಹ್ನೆ ಇರಬೇಕು. ಚಿತ್ರ ಅದೇ ಮಿತ್ಸುಹಿರೋ ಅರಿತಾ ಅವರದ್ದು, ಆದರೆ ಮರುಮುದ್ರಣ. ಮೂಲ 4/102ರ ಬೆಲೆಗೆ ಇದನ್ನು ಹೋಲಿಸಬೇಡಿ.

ಪಿಕಾಚು: ಕೆಂಪು ಕೆನ್ನೆ ಇರುವುದು ಫಸ್ಟ್ ಎಡಿಷನ್ ಅಥವಾ ಶ್ಯಾಡೋಲೆಸ್ ಆಗಿರಬೇಕು. ಮಾಮೂಲಿ ಅನ್‌ಲಿಮಿಟೆಡ್‌ನಲ್ಲಿ ಕೆನ್ನೆ ಹಳದಿ. ಹಾಗಾಗಿ ನಿಮ್ಮ ಕೆಂಪು ಕೆನ್ನೆಯದರಲ್ಲಿ ನಾಲ್ಕು ಇಸವಿ ಇಲ್ಲದಿದ್ದರೆ ಅನುಮಾನ ಪಡಿ.

ಫ್ಲೇರಿಯಾನ್ 3/64: ಜಂಗಲ್ ಸೆಟ್, 1999ರ ಜೂನ್. ಆ ಸೆಟ್ಟಿನ 16 ಹೋಲೋಗಳೂ ಫಸ್ಟ್ ಎಡಿಷನ್ ಅಲ್ಲದ ಮುದ್ರಣದ ಕೆಲವು ಪ್ರತಿಗಳಲ್ಲಿ ಚಿಹ್ನೆ ಬಿಟ್ಟುಹೋಗಿ ಅಚ್ಚಾಗಿವೆ. ‘ನೋ ಸಿಂಬಲ್’ ಅಂತಲೇ ಹುಡುಕಿ. ಮಾಮೂಲಿ ಹೋಲೋಗಿಂತ ಹೆಚ್ಚು ಬರುತ್ತೆ. ಚಿಹ್ನೆ ಇರಬೇಕಿದ್ದ ಜಾಗದಲ್ಲಿ ಕೆರೆದ ಗುರುತು ಇಲ್ಲ ಅಂತ ಮಾತ್ರ ಲೂಪಿನಲ್ಲಿ (ಸಣ್ಣ ಭೂತಗನ್ನಡಿಯಲ್ಲಿ) ನೋಡಿಕೊಳ್ಳಿ.

ಉಳಿದ ಮುನ್ನೂರರಲ್ಲಿ ಎರಡು ತಪ್ಪಚ್ಚು ಹುಡುಕಿ: ವಲ್ಪಿಕ್ಸ್ ಕಾರ್ಡಿನಲ್ಲಿ ‘50 ಎಚ್‌ಪಿ’ ಬದಲು ‘ಎಚ್‌ಪಿ 50’ ಅಂತ ಉಲ್ಟಾ ಇರುವುದು, ಮತ್ತು ನೈನ್‌ಟೇಲ್ಸ್‌ನ ದಾಳಿಯ ಮುಂದೆ 80 ಅನ್ನುವ ಅಂಕಿ ಇಲ್ಲದಿರುವುದು. ಎರಡನೆಯದು ಸಿಕ್ಕರೆ ಪಕ್ಕಕ್ಕಿಡಿ.

---

ಸ್ಲ್ಯಾಬ್‌ರಾಯ ಉತ್ತರ:

ಮಚಾಂಪ್ ಬಗ್ಗೆ ಮೇಲಿನವರು ಬಿಟ್ಟಿದ್ದಾರೆ. ಅದಕ್ಕೆ ಆಸೆ ಇಟ್ಟುಕೊಳ್ಳಬೇಡಿ ಸಾರ್. ಮಚಾಂಪ್ ಬರುತ್ತಿದ್ದುದು ಇಬ್ಬರು ಆಡುವ ಸ್ಟಾರ್ಟರ್ ಸೆಟ್ಟಿನಲ್ಲಿ. ಸಾಮಾನ್ಯ ಮುದ್ರಣಗಳಲ್ಲೂ ಆ ‘1’ ಮುದ್ರೆ ತೆಗೆಯದೆ ಹಾಗೇ ಅಚ್ಚು ಹಾಕಿದರು. ಅದಕ್ಕೇ ನೆರಳೂ ಇದೆ, ಮುದ್ರೆಯೂ ಇದೆ. ಪೆಟ್ಟಿಗೆಗೊಂದು ಬಂದಿದ್ದು, ರಾಶಿ ರಾಶಿ ಇವೆ. ನೆರಳಿಲ್ಲದ ಮಚಾಂಪ್ ಆದರೆ ಸ್ವಲ್ಪ ವಾಸಿ.

ಇದರಿಂದ ಒಂದು ಉಪಯೋಗ ಇದೆ: ಮಚಾಂಪ್ ಬಿಟ್ಟು ಬೇರೆ ಯಾವುದೇ ಬೇಸ್ ಸೆಟ್ ಕಾರ್ಡಿನಲ್ಲಿ ನೆರಳು ಮತ್ತು ಫಸ್ಟ್ ಎಡಿಷನ್ ಮುದ್ರೆ ಎರಡೂ ಕಂಡರೆ, ಮುದ್ರೆ ಆಮೇಲೆ ಯಾರೋ ಒತ್ತಿದ್ದು. ಮಾರುವವರು ಏನೇ ಕಥೆ ಕಟ್ಟಲಿ, ಮುಂದೆ ಹೋಗಿ.

---

ಚುಕ್ಕಿಲೂಪ್ ಉತ್ತರ:

ಎರಡನೇ ಪ್ರಶ್ನೆಗೆ. ಕಾರ್ಡು ಹರಿದು ನೋಡೋದು, ಬಗ್ಗಿಸಿ ನೋಡೋದು, ನೀರು ಹಾಕಿ ನೋಡೋದು ಅಂತ ವಿಡಿಯೋಗಳು ಬೇಕಾದಷ್ಟಿವೆ. ಯಾವುದನ್ನೂ ಮಾಡಬೇಡಿ. ಬೇಕಾಗಿರೋದು 30ರಿಂದ 60 ಪಟ್ಟು ದೊಡ್ಡದಾಗಿ ತೋರಿಸುವ ಲೂಪು, ಮೊಬೈಲ್ ಟಾರ್ಚು, ಮತ್ತು ಮುಖ್ಯವಾಗಿ ಅದೇ ಸೆಟ್ಟಿನ ಒಂದು ಕಡಿಮೆ ಬೆಲೆಯ ಕಾಮನ್ ಕಾರ್ಡು. ಅಗ್ಗದ ಹಳೇ ಕಾರ್ಡನ್ನು ನಕಲು ಮಾಡುವವರು ಕಡಿಮೆ, ಅದಕ್ಕೇ ಅದು ಒಳ್ಳೆಯ ಅಳತೆಗೋಲು. ಪ್ರತಿ ಪರೀಕ್ಷೆಯನ್ನೂ ಎರಡರ ಮೇಲೂ ಮಾಡಿ ಹೋಲಿಸಿ.

ಲೂಪಿನಲ್ಲಿ ಮೊದಲು ಚಿತ್ರದ ಬಣ್ಣ ನೋಡಿ. ಆಫ್‌ಸೆಟ್ ಮುದ್ರಣದಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಚುಕ್ಕೆಗಳು ಸೇರಿ ಸಣ್ಣ ಹೂವಿನಂಥ ವೃತ್ತಗಳಾಗಿ ಕಾಣುತ್ತವೆ. ನಂತರ ಕಪ್ಪು ಅಕ್ಷರಕ್ಕೆ ಬನ್ನಿ, ನಕಲಿ ಸಿಕ್ಕಿಬೀಳೋದು ಇಲ್ಲೇ. ಪೊಕೆಮಾನ್ ಹೆಸರು, ದಾಳಿಯ ವಿವರ, ಕಾಪಿರೈಟ್ ಸಾಲು ಎಲ್ಲ ಒಂದೇ ಕಪ್ಪು ಶಾಯಿಯಲ್ಲಿ, ಅಂಚು ಚೂಪಾಗಿ, ಗಟ್ಟಿಯಾಗಿ ಇರಬೇಕು. ಸ್ಕ್ಯಾನ್ ಮಾಡಿ ಅಚ್ಚು ಹಾಕಿದ ನಕಲಿಯಲ್ಲಿ ಅಕ್ಷರವೂ ಬಣ್ಣಬಣ್ಣದ ಚುಕ್ಕೆಗಳಿಂದ ಆಗಿರುತ್ತೆ, ಅಂಚು ಮಸುಕು. ಬರಿಗಣ್ಣಿಗೆ ಎರಡೂ ಒಂದೇ ಕಪ್ಪು.

ಫಸ್ಟ್ ಎಡಿಷನ್ ಮುದ್ರೆಗೂ ಹೀಗೇ ನೋಡಿ. ಆಮೇಲೆ ಒತ್ತಿದ ಮುದ್ರೆಯಲ್ಲಿ ಶಾಯಿ ಉಬ್ಬಿರಬಹುದು, ಅಂಚು ಹರಡಿರಬಹುದು, ಅದೇ ಕಾರ್ಡಿನ ಬೇರೆ ಕಪ್ಪು ಅಕ್ಷರಗಳ ಹೊಳಪಿಗೆ ಹೊಂದಲ್ಲ.

ಅಂಚು: ಕಾರ್ಡನ್ನು ಬದಿಯಿಂದ ಬೆಳಕಿಗೆ ಹಿಡಿದರೆ ಎರಡು ಬಿಳಿ ಪದರದ ಮಧ್ಯೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣಬೇಕು. ಬೆಳಕು ಹಾಯದಿರಲಿ ಅಂತ ಹಾಕುವ ಪದರ ಅದು. ಕಾರ್ಡಿನ ಹಿಂದೆ ಟಾರ್ಚ್ ಹಿಡಿದಾಗ ಅಸಲಿ ಬಹಳ ಕಡಿಮೆ ಬೆಳಕು ಬಿಡುತ್ತೆ, ನಕಲಿ ದೀಪದ ಹಾಗೆ ಬೆಳಗುತ್ತೆ. ಆದರೆ ಟಾರ್ಚ್ ಪರೀಕ್ಷೆ ಒಂದನ್ನೇ ನಂಬಬೇಡಿ, ಈಗಿನ ನಕಲಿಗಳಲ್ಲಿ ಕೆಲವಕ್ಕೆ ಕಪ್ಪು ಪದರವೂ ಇದೆ. ಅಕ್ಷರ, ಅಂಚು, ಬೆಳಕು ಮೂರೂ ಹೊಂದಬೇಕು.

ಅಳತೆ: 63 × 88 ಮಿ.ಮೀ. ನಾಲ್ಕೈದು ಕಾಮನ್ ಕಾರ್ಡುಗಳ ಮಧ್ಯೆ ಇಟ್ಟು ಗಾಜಿನ ಮೇಲೆ ನಿಲ್ಲಿಸಿ, ಮೇಲಿನ ಅಂಚಿಗೆ ಬೆರಳು ಆಡಿಸಿ. ನಿಮ್ಮ ಕಾರ್ಡು ತಗ್ಗಿದ್ದರೆ ಯಾರೋ ಬಿಳಿಯಾದ ಅಂಚನ್ನು ಕತ್ತರಿಸಿ ‘ಹೊಸದು’ ಮಾಡಿದ್ದಾರೆ. ಅಂಥದಕ್ಕೆ ಗ್ರೇಡಿಂಗ್ ಕಂಪನಿಗಳು ಅಂಕ ಕೊಡಲ್ಲ.

ಹೋಲೋ: ಇಂಗ್ಲಿಷ್ ಬೇಸ್ ಸೆಟ್‌ನಲ್ಲಿ ಚಿತ್ರದ ಚೌಕದಲ್ಲಿ ಮಾತ್ರ ನಕ್ಷತ್ರ ಚೆಲ್ಲಿದಂತೆ ಹೊಳಪು. ಕಾರ್ಡಿಡೀ ಹೊಳೆದರೆ, ಅಥವಾ ಉದ್ದುದ್ದ ಕಾಮನಬಿಲ್ಲಿನ ಪಟ್ಟೆ ಇದ್ದರೆ, ಅದು ನಕಲಿ. ಆಟಿಕೆ ಅಂಗಡಿಗಳಲ್ಲಿ ಡಬ್ಬಿಯಲ್ಲಿ 55 ಅಂತ ಸಿಗುವ ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಾರ್ಡುಗಳ ಬಗ್ಗೆ ಇಲ್ಲಿ ವಾರಕ್ಕೊಮ್ಮೆ ಯಾರಾದರೂ ಕೇಳ್ತಾರೆ. ಅವು ಮಕ್ಕಳ ಆಟಕ್ಕೆ ಚೆಂದ, ಬೆಲೆ ಸೊನ್ನೆ.

ಇನ್ನೊಂದು. 2021ರ ಸೆಲೆಬ್ರೇಷನ್ಸ್ ಸೆಟ್‌ನಲ್ಲಿ ಚಾರಿಝಾರ್ಡ್ 4/102 ಅಂತಲೇ ಮರುಮುದ್ರಣ ಬಂತು, ಅದು ಅಸಲಿಯೇ, ಕಂಪನಿಯದ್ದೇ. ಚಿತ್ರದ ಕೆಳಗೆ 25ರ ಮುದ್ರೆ ಇರುತ್ತೆ. ನಿಮ್ಮ ಬೈಂಡರ್ ಹಳೆಯದಾದ್ದರಿಂದ ಇದು ಬಂದಿರಲಾರದು, ಆದರೆ ಬೆಲೆ ಹುಡುಕುವಾಗ ಅದರ ಮಾರಾಟಗಳೂ ನಡುವೆ ಸೇರಿಕೊಳ್ಳುತ್ತವೆ. ನಿಮ್ಮ ಮೂರನೇ ಪ್ರಶ್ನೆಗೆ ಅರ್ಧ ಉತ್ತರ ಅದೇ.

---

ಕುಡ್ಲ_ಬೈಂಡರ್:

ಇಬ್ಬರಿಗೂ, ಮಚಾಂಪ್ ಆಸೆ ಮುರಿದ ಸ್ಲ್ಯಾಬ್‌ರಾಯರಿಗೂ ಧನ್ಯವಾದ. ನೋಡಿದೆ. ಚಾರಿಝಾರ್ಡ್, ಬ್ಲಾಸ್ಟಾಯ್ಸ್ ಎರಡರಲ್ಲೂ ಮೂರೇ ಇಸವಿ, ನೆರಳಿದೆ. ಅಂದರೆ ಅನ್‌ಲಿಮಿಟೆಡ್. ಕೆಂಪು ಕೆನ್ನೆಯ ಪಿಕಾಚುವಿನಲ್ಲಿ ನಾಲ್ಕು ಇಸವಿ ಇದೆ, ಮುದ್ರೆ ಇಲ್ಲ. ಕಪ್ಪು ಅಕ್ಷರ, ಅಂಚಿನ ಗೆರೆ ಎಲ್ಲದರಲ್ಲೂ ಸರಿಯಿದೆ.

ಚಾರಿಝಾರ್ಡ್ ಸ್ಥಿತಿ: ಮುಂದೆ ಹಳದಿ ಅಂಚು ಎಡಕ್ಕೆ 2.6 ಮಿ.ಮೀ., ಬಲಕ್ಕೆ 3.4 ಮಿ.ಮೀ. ಹಿಂಬದಿ ಮೂರು ಮೂಲೆ ಬಿಳಿಯಾಗಿವೆ, ಹೋಲೋ ಮೇಲೆ ಸಣ್ಣ ಗೀರುಗಳಿವೆ. ಮಡಿಕೆ ಇಲ್ಲ. ಇದಕ್ಕೆ ಎಷ್ಟು ಗ್ರೇಡ್ ಬರಬಹುದು?

---

ಬಸವನಗುಡಿ_ಹೋಲೋ ಉತ್ತರ:

ಸೆಂಟರಿಂಗ್ (ಚಿತ್ರ ಕಾರ್ಡಿನ ನಟ್ಟನಡುವೆ ಕೂತಿದೆಯಾ ಅನ್ನೋದು) ಲೆಕ್ಕ: 2.6 + 3.4 = 6.0. ದೊಡ್ಡ ಅಂಚನ್ನು ಒಟ್ಟಿನಿಂದ ಭಾಗಿಸಿದರೆ 3.4/6.0, ಸುಮಾರು 57. ಅಂದರೆ 57/43. ಗ್ರೇಡಿಂಗ್ ಕಂಪನಿ ಪಿಎಸ್‌ಎ ಕೊಡುವ ಅತಿ ಹೆಚ್ಚಿನ ಅಂಕ 10ಕ್ಕೆ ಈಗ ಮುಂಬದಿಯಲ್ಲಿ ಸುಮಾರು 55/45, ಹಿಂಬದಿಯಲ್ಲಿ 75/25 ಒಳಗಿರಬೇಕು. ಹಾಗಾಗಿ 10 ಇಲ್ಲ. ಮೇಲೆ-ಕೆಳಗಿನ ಅಂಚನ್ನೂ ಹೀಗೇ ಅಳೆಯಿರಿ, ಎರಡರಲ್ಲಿ ಕೆಟ್ಟದ್ದನ್ನೇ ಹಿಡಿಯಬೇಕು. ಸ್ಕೇಲಿನಲ್ಲಿ ಅಳೆಯುವಾಗ ಕಣ್ಣು ಮೋಸ ಮಾಡುತ್ತೆ. ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಇದ್ದರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಪಿಕ್ಸೆಲ್ ಎಣಿಸಿ. ಕಾರ್ಡಿನ ಅಗಲ ಸುಮಾರು 1,488 ಪಿಕ್ಸೆಲ್ ಬರಬೇಕು, ಅಂಚಿನ 1 ಮಿ.ಮೀ. ಅಂದರೆ ಸುಮಾರು 24 ಪಿಕ್ಸೆಲ್.

ಆದರೆ ನಿಮ್ಮ ಕಾರ್ಡಿಗೆ ಸೆಂಟರಿಂಗ್ ಮುಖ್ಯ ವಿಷಯವೇ ಅಲ್ಲ. ಮೂರು ಮೂಲೆ ಬಿಳಿ ಅಂದಕೂಡಲೇ 9 ಹೋಯಿತು, ಹೆಚ್ಚುಕಮ್ಮಿ 8ಕ್ಕೂ ಕುತ್ತು. ಕೋಣೆಯ ದೀಪ ಆರಿಸಿ ಒಂದೇ ಒಂದು ಟೇಬಲ್ ಲ್ಯಾಂಪ್ ಹಚ್ಚಿ. ಕಾರ್ಡನ್ನು ದೀಪಕ್ಕೆ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿ. ನೇರ ಬೆಳಕಿನಲ್ಲಿ ಕಾಣದ ಮೂರು ಸಂಗತಿ ಆಗ ಕಾಣುತ್ತವೆ: ಹೋಲೋ ಗೀರು, ಉಗುರಿನಿಂದ ಒತ್ತಿದಂಥ ತಗ್ಗು, ಮತ್ತು ಹಿಂಬದಿಯ ನೀಲಿಯಲ್ಲಿ ಸಣ್ಣ ಮಡಿಕೆ. ತಗ್ಗು ಮತ್ತು ಮಡಿಕೆಯೇ ಕೊಲ್ಲೋದು. ಮಡಿಕೆ ಬಿದ್ದ ಕಾರ್ಡು ಮಿಕ್ಕಂತೆ ಎಷ್ಟೇ ಚೆನ್ನಾಗಿದ್ದರೂ 4–5ಕ್ಕೆ ಇಳಿಯುತ್ತೆ. ಹೋಲೋ ಕಾರ್ಡಿನ ಮುಂಬದಿ ಅಂಚಿನಲ್ಲಿ ಬೆಳ್ಳಿ ಗೆರೆಯಂತೆ ಫಾಯಿಲ್ ಇಣುಕುತ್ತಿದೆಯಾ ಅಂತಲೂ ನೋಡಿ.

ನೀವು ಹೇಳಿದ್ದಷ್ಟೇ ಇದ್ದರೆ ನನ್ನ ಅಂದಾಜು 6ರಿಂದ 7.

ಬೆಲೆ: ಕೇಳೋ ಬೆಲೆ ಬೇರೆ, ಹೋಗೋ ಬೆಲೆ ಬೇರೆ. ಹತ್ತು ಸಾವಿರ ಡಾಲರ್ ಅಂತ ಹಾಕಿದವರ ಕಾರ್ಡು ವರ್ಷಗಟ್ಟಲೆ ಅಲ್ಲೇ ಕೂತಿರುತ್ತೆ. ಇಬೇಯಲ್ಲಿ ‘ಸೋಲ್ಡ್ ಐಟಮ್ಸ್’ ಫಿಲ್ಟರ್ ಹಾಕಿ, ಕಳೆದ ಮೂರು ತಿಂಗಳ ಮಾರಾಟ ಸಿಗುತ್ತೆ. ಅದೇ ಮುದ್ರಣ, ಅದೇ ಸ್ಥಿತಿಯ ಎಂಟು ಹತ್ತು ಮಾರಾಟ ಬರೆದುಕೊಳ್ಳಿ. ಸರಾಸರಿ ತೆಗೆಯಬೇಡಿ, ಏರಿಕೆ ಕ್ರಮದಲ್ಲಿಟ್ಟು ಮಧ್ಯದ್ದನ್ನು ಹಿಡಿಯಿರಿ. ಯಾರೋ ಸ್ನೇಹಿತರಿಂದಲೇ ಕೂಗಿಸಿ ಏರಿಸಿದ ಒಂದು ಹರಾಜು ಸರಾಸರಿಯನ್ನು ಪೂರ್ತಿ ಹಾಳು ಮಾಡುತ್ತೆ. ಬೆಲೆಯ ಮೇಲೆ ಗೆರೆ ಎಳೆದು ‘ಬೆಸ್ಟ್ ಆಫರ್’ ಅಂತಿದ್ದರೆ ನಿಜವಾಗಿ ಹೋಗಿದ್ದು ಅದಕ್ಕಿಂತ ಕಡಿಮೆಗೆ. ಅಮೆರಿಕದ ಬಿಡಿ ಕಾರ್ಡಿಗೆ ಟಿಸಿಜಿಪ್ಲೇಯರ್, ಯುರೋಪಿಗೆ ಕಾರ್ಡ್‌ಮಾರ್ಕೆಟ್ ಕೂಡ ನೋಡಿ. ಟಿಸಿಜಿಪ್ಲೇಯರ್‌ನಲ್ಲಿ ಸ್ಥಿತಿಯನ್ನು ನಿಯರ್ ಮಿಂಟ್ (ಹೆಚ್ಚುಕಮ್ಮಿ ಹೊಸದು), ಲೈಟ್ಲಿ ಪ್ಲೇಯ್ಡ್ (ಸ್ವಲ್ಪ ಸವೆದದ್ದು), ಮಾಡರೇಟ್ಲಿ ಪ್ಲೇಯ್ಡ್ (ಇನ್ನೂ ಸವೆದದ್ದು) ಹೀಗೆ ಇಳಿಸಿಕೊಂಡು ಹೋಗ್ತಾರೆ. ಬೈಂಡರಿನ ಕಾರ್ಡುಗಳನ್ನು ಎಲ್ಲರೂ ನಿಯರ್ ಮಿಂಟ್ ಅಂತ ಕರೆಯೋದು ರೂಢಿ, ಆಮೇಲೆ ಕೊಂಡವರು ವಾಪಸ್ ಕಳಿಸೋದೂ ರೂಢಿ. ಮೂಲೆ ಬಿಳಿ ಇದ್ದರೆ ಒಂದು ಮೆಟ್ಟಿಲು ಕೆಳಗೇ ಇಟ್ಟುಕೊಳ್ಳಿ.

ಪೇಪರಿನಲ್ಲಿ ಬರುವ ದೊಡ್ಡ ಸುದ್ದಿಗಳಿಂದ ಲೆಕ್ಕ ಹಾಕಬೇಡಿ. 2022ರ ಮಾರ್ಚ್‌ನಲ್ಲಿ 4,20,000 ಡಾಲರಿಗೆ ಹೋದ ಚಾರಿಝಾರ್ಡ್ ಫಸ್ಟ್ ಎಡಿಷನ್, ಪಿಎಸ್‌ಎ 10. ಅದರ ಹೆಸರು, ಅಂಕಿ, ಚಿತ್ರ ಎಲ್ಲ ನಿಮ್ಮದರ ಹಾಗೇ ಇದೆ. ಮಾರುಕಟ್ಟೆಯ ದೃಷ್ಟಿಯಲ್ಲಿ ಅದು ಬೇರೆಯೇ ಕಾರ್ಡು.

---

ಸ್ಯಾನ್‌ಹೊಸೆ_ಸ್ಲೀವ್ ಉತ್ತರ:

ಗ್ರೇಡಿಂಗ್ ಲಾಭವಾ ಅನ್ನೋದಕ್ಕೆ ಹೌದು-ಇಲ್ಲ ಅಂತ ಉತ್ತರ ಇಲ್ಲ, ಲೆಕ್ಕ ಇದೆ. ಅಂಕಿಗಳು ಬರೀ ಉದಾಹರಣೆಗೆ, ನಿಮ್ಮ ಕಾರ್ಡಿನ ಇವತ್ತಿನ ಮಾರಾಟದ ಬೆಲೆ ಅಲ್ಲಿ ಹಾಕಿಕೊಳ್ಳಿ.

ಗ್ರೇಡ್ ಮಾಡದ ‘ರಾ’ ಕಾರ್ಡು 200 ಡಾಲರಿಗೆ ಹೋಗುತ್ತೆ ಅಂದುಕೊಳ್ಳಿ. ಗ್ರೇಡ್ 6 ಆದರೆ 200, 7 ಆದರೆ 260, 8 ಆದರೆ 350. ಇಬೇ ಕಮಿಷನ್ ಸುಮಾರು 13% ಕಳೆಯಿರಿ. ಗ್ರೇಡಿಂಗ್ ಶುಲ್ಕ, ಹೋಗಿಬರುವ ಕೊರಿಯರ್, ವಿಮೆ ಎಲ್ಲ ಸೇರಿ 60 ಡಾಲರ್ ಅನ್ನೋಣ.

ರಾ ಮಾರಿದರೆ ಕೈಗೆ 174. ಗ್ರೇಡ್ 6 ಬಂದರೆ 114. 7 ಬಂದರೆ 166. 8 ಬಂದರೆ 244. 6ಕ್ಕೆ 20%, 7ಕ್ಕೆ 50%, 8ಕ್ಕೆ 30% ಸಾಧ್ಯತೆ ಕೊಟ್ಟರೂ ಒಟ್ಟು ನಿರೀಕ್ಷೆ ಸುಮಾರು 179. ಅಂದರೆ ತಿಂಗಳುಗಟ್ಟಲೆ ಕಾದು, ದಾರಿಯಲ್ಲಿ ಕಳೆದುಹೋಗುವ ಭಯ ಹೊತ್ತು, 5 ಡಾಲರ್ ಲಾಭ. 7 ಬಂದರೂ ನಷ್ಟವೇ ಅನ್ನೋದನ್ನು ಗಮನಿಸಿ. ಈ ಕಾಲದ ಕಾರ್ಡುಗಳಲ್ಲಿ ಬೆಲೆ ನಿಜವಾಗಿ ಜಿಗಿಯೋದು 9ರಲ್ಲಿ, ಹಾರೋದು 10ರಲ್ಲಿ.

ಶುಲ್ಕದಲ್ಲಿ ಒಂದು ಕೊಕ್ಕೆ ಇದೆ. ಪಿಎಸ್‌ಎ ದರ ನೀವು ಘೋಷಿಸುವ ಬೆಲೆಯ ಮೇಲೆ ನಿಂತಿದೆ. ಗ್ರೇಡ್ ಆದ ಮೇಲಿನ ಬೆಲೆ ಆ ಮಿತಿ ದಾಟಿದರೆ ಮೇಲಿನ ದರ ವಸೂಲಿ ಮಾಡ್ತಾರೆ. ಕಡಿಮೆ ಘೋಷಿಸಿದರೆ ವಿಮೆಯೂ ಅಷ್ಟಕ್ಕೇ.

ಪಿಎಸ್‌ಎ ಬಿಟ್ಟರೆ ಬೆಕೆಟ್, ಸಿಜಿಸಿ ಇವೆ. ಬೆಕೆಟ್‌ನವರು ಸೆಂಟರಿಂಗ್, ಮೂಲೆ, ಅಂಚು, ಮೇಲ್ಮೈ ನಾಲ್ಕಕ್ಕೂ ಬೇರೆ ಬೇರೆ ಅಂಕ ಕೊಡ್ತಾರೆ, ಎಲ್ಲಿ ಹೊಡೆತ ಬಿತ್ತು ಅಂತ ಗೊತ್ತಾಗುತ್ತೆ. ವಿಂಟೇಜ್ ಪೊಕೆಮಾನ್ ಮರುಮಾರಾಟಕ್ಕೆ ಪಿಎಸ್‌ಎ ಲೇಬಲ್ಲಿಗೇ ಕೊಳ್ಳುವವರು ಹೆಚ್ಚು. ಅವರ ‘ಪಾಪ್ ರಿಪೋರ್ಟ್’ ನೋಡಿ, ನಿಮ್ಮ ಕಾರ್ಡಿಗೆ ಯಾವ ಗ್ರೇಡ್ ಎಷ್ಟು ಬಂದಿದೆ ಅಂತ ಇರುತ್ತೆ. ಅದರಲ್ಲಿ ಕೆಳಗಿನ ಗ್ರೇಡ್ ಕಡಿಮೆ ಕಂಡರೆ ಅಪರೂಪ ಅಂತ ಹಿಗ್ಗಬೇಡಿ. ಸವೆದ ಕಾರ್ಡನ್ನು ಯಾರೂ ದುಡ್ಡು ಕೊಟ್ಟು ಕಳಿಸಲ್ಲ, ಅಷ್ಟೇ.

ನನ್ನ ಮಾತು: ಚಾರಿಝಾರ್ಡ್, ಬ್ಲಾಸ್ಟಾಯ್ಸ್ ರಾ ಆಗಿಯೇ ಇರಲಿ. ಕೆಂಪು ಕೆನ್ನೆಯ ಪಿಕಾಚುವನ್ನು ಮಾತ್ರ ದೀಪದಡಿ ನೋಡಿ. ನಾಲ್ಕೂ ಮೂಲೆ ಚೂಪಾಗಿದ್ದು ಹಿಂಬದಿ ಬಿಳಿ ಚುಕ್ಕೆ ಇಲ್ಲದಿದ್ದರೆ ಅದು ಕಳಿಸಲು ಯೋಗ್ಯ.

---

ಸ್ಲ್ಯಾಬ್‌ರಾಯ ಉತ್ತರ:

ಲೆಕ್ಕ ಸರಿ, ತೀರ್ಮಾನ ಒಪ್ಪಲ್ಲ. ಭಾರತದಿಂದ ರಾ ಚಾರಿಝಾರ್ಡ್ ಮಾರೋಕೆ ಹೋಗಿ ನೋಡಿ. ಹೊಸ ಖಾತೆ, ಎರಡು ಫೋಟೋ, ವಿಂಟೇಜ್ ಹೋಲೋ. ಕೊಳ್ಳುವವರು ಮೊದಲು ಅನುಮಾನಿಸೋದು ನಕಲಿ ಅಂತಲೇ. ರಾ ಬೆಲೆ 200 ಅನ್ನೋದು ಹೆಸರಿರುವ ಮಾರಾಟಗಾರರ ಬೆಲೆ. ಗುರುತಿಲ್ಲದವರಿಗೆ ಅಷ್ಟು ಸಿಗಲ್ಲ. ಆ ಕೊರತೆಯನ್ನೂ ಸೂತ್ರದಲ್ಲಿ ಹಾಕಿದರೆ ಗ್ರೇಡ್ 6ರ ಸ್ಲ್ಯಾಬ್ (ಗ್ರೇಡ್ ಮಾಡಿ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಕೊಟ್ಟ ಕಾರ್ಡು) ಕೂಡ ಕೆಲಸಕ್ಕೆ ಬರುತ್ತೆ. ಬ್ಲಾಸ್ಟಾಯ್ಸ್‌ಗೆ ಈ ಮಾತು ಅನ್ವಯಿಸಲ್ಲ, ಅದಕ್ಕೆ ಖರ್ಚು ಮಾಡಬೇಡಿ.

ಸ್ಲ್ಯಾಬ್ ಕೊಳ್ಳುವವರಿಗೂ ಒಂದು ಮಾತು: ಸ್ಲ್ಯಾಬ್‌ಗಳಲ್ಲೂ ನಕಲಿ ಇವೆ. ಲೇಬಲ್ಲಿನ ನಂಬರನ್ನು ಕಂಪನಿಯ ತಾಣದಲ್ಲಿ ಹಾಕಿ, ಅಲ್ಲಿ ಫೋಟೋ ಇದ್ದರೆ ಸೆಂಟರಿಂಗ್ ಮತ್ತು ಗೀರು ನಿಮ್ಮ ಕೈಲಿರುವುದಕ್ಕೆ ಹೊಂದುತ್ತಾ ನೋಡಿ. ನಂಬರ್ ಸಿಕ್ಕಿತು ಅಂದಮಾತ್ರಕ್ಕೆ ಸಾಲದು, ನಕಲು ಮಾಡುವವರು ಅಸಲಿ ನಂಬರನ್ನೇ ಎತ್ತಿಕೊಳ್ತಾರೆ.

---

ಚುಕ್ಕಿಲೂಪ್ ಉತ್ತರ:

ಐದನೇ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ಮಂಗಳೂರಿನವರಿಗೆ ಅದೇ ಮೊದಲನೆಯದಾಗಬೇಕಿತ್ತು.

ಹೋಲೋ ಕಾರ್ಡು ಬಾಗೋದು ಯಾಕೆ ಅಂದರೆ, ಕಾಗದ ತೇವ ಹೀರಿ ಹಿಗ್ಗುತ್ತೆ, ಮುಂಬದಿಯ ಫಾಯಿಲ್ ಹಿಗ್ಗಲ್ಲ. ಮಳೆಗಾಲದಲ್ಲಿ ಕಾರ್ಡು ಮುಂಬದಿಗೆ ಬಟ್ಟಲಿನಂತೆ ಬಾಗುತ್ತೆ. ತೀರಾ ಒಣಗಿದರೆ ಉಲ್ಟಾ, ಹಿಂಬದಿಗೆ. ಬರೀ ಬಾಗಿದ್ದರೆ ಅದು ಹಾನಿ ಅಲ್ಲ, ಸರಿಹೋಗುತ್ತೆ. ಇಸ್ತ್ರಿ, ಹೇರ್ ಡ್ರೈಯರ್, ಬಿಸಿಲು ಯಾವುದೂ ಬೇಡ. ಸ್ಲೀವ್ (ತೆಳು ಪ್ಲಾಸ್ಟಿಕ್ ಚೀಲ) ಹಾಕಿ, ಟಾಪ್‌ಲೋಡರಿನಲ್ಲಿಟ್ಟು (ಗಟ್ಟಿ ಪ್ಲಾಸ್ಟಿಕ್ ಕವಚ), ಗಾಳಿಯಾಡದ ಡಬ್ಬಿಯಲ್ಲಿ 45–50% ತೇವಾಂಶದಲ್ಲಿ ಕೆಲವು ವಾರ ಬಿಡಿ. ಡಬ್ಬಿಯೊಳಗೆ ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಇರಲೇಬೇಕು, ಅಂದಾಜಿನಲ್ಲಿ ಆಗಲ್ಲ. ಸಿಲಿಕಾ ಜೆಲ್ ಒಂದು ಪೊಟ್ಟಣ ಹಾಕಿ ಮರುದಿನ ನೋಡಿ, 40ಕ್ಕಿಂತ ಕೆಳಗಿಳಿದರೆ ತೆಗೆಯಿರಿ. ಹೆಚ್ಚು ಹಾಕಿದರೆ ಬೇಗ ಆಗುತ್ತೆ ಅಂತ ಐದಾರು ಪೊಟ್ಟಣ ತುಂಬಿದರೆ ಈ ಕಡೆಯ ಬಾಗು ಆ ಕಡೆಗೆ ಆಗುತ್ತೆ.

ಅಂಟಿಕೊಂಡಿರುವುದು: ಆ ಬೈಂಡರಿನ ಹಾಳೆ ಪಿವಿಸಿ ಇರಬೇಕು. ಹಳೆಯದಾದಂತೆ ಅದರಲ್ಲಿನ ಎಣ್ಣೆಯಂಥ ಅಂಶ ಹೊರಬಂದು ಕಾರ್ಡಿನ ಮೇಲ್ಮೈಗೆ ಹತ್ತುತ್ತೆ. ಕಾರ್ಡನ್ನು ಹಿಡಿದು ಎಳೆಯಬೇಡಿ, ಹೊಳಪು ಕಿತ್ತು ಬರುತ್ತೆ. ಹಾಳೆಯನ್ನು ಹಲಗೆಯ ಮೇಲಿಟ್ಟು, ಕಾರ್ಡಿನಿಂದ ದೂರದಲ್ಲಿ, ಜೇಬಿನ ಹೊಲಿಗೆಯಂಥ ಅಂಚನ್ನು ಸಣ್ಣ ಕತ್ತರಿಯಿಂದ ಮೂರು ಕಡೆ ಬಿಡಿಸಿ. ಹಿಂದಿನ ಪ್ಲಾಸ್ಟಿಕ್ ತೆಗೆಯಿರಿ. ಆಮೇಲೆ ಕಾರ್ಡನ್ನು ಮುಖ ಮೇಲಾಗಿ ಮಟ್ಟಸವಾಗಿಟ್ಟು, ಮೇಲಿನ ಪ್ಲಾಸ್ಟಿಕ್ಕನ್ನು ಮೂಲೆಯಿಂದ ಹಿಂದಕ್ಕೆ ಮಡಚುತ್ತಾ ನಿಧಾನವಾಗಿ ಬಿಡಿಸಿ. ಪ್ಲಾಸ್ಟಿಕ್ ಬಾಗಬೇಕು, ಕಾರ್ಡು ಬಾಗಬಾರದು. ಹೋಲೋ ಭಾಗದಲ್ಲಿ ತಡೆದರೆ ನಿಲ್ಲಿಸಿ, ತಂಪಾದ ಒಣ ಕೋಣೆಯಲ್ಲಿ ಒಂದೆರಡು ದಿನ ಬಿಟ್ಟು ಮತ್ತೆ ನೋಡಿ.

ಜಿಡ್ಡು ಉಳಿದರೆ ಸ್ಪಿರಿಟ್, ಕನ್ನಡಕ ಒರೆಸುವ ದ್ರವ, ಒದ್ದೆ ಬಟ್ಟೆ ಹಾಕಬೇಡಿ. ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಧೂಳು ತಟ್ಟಬಹುದು, ಉಜ್ಜಬಾರದು.

ಮುಂದಕ್ಕೆ ಪಾಲಿಪ್ರೊಪಿಲೀನ್ ಹಾಳೆಯ, ಬದಿಯಿಂದ ತುಂಬಿಸುವ ಬೈಂಡರ್ ತಗೊಳ್ಳಿ. ದುಂಡು ರಿಂಗಿನ ಫೈಲ್ ಆದರೆ ರಿಂಗಿನ ಪಕ್ಕದ ಕಾರ್ಡುಗಳಿಗೆ ಅರ್ಧಚಂದ್ರದ ತಗ್ಗು ಬೀಳುತ್ತೆ, ಎಷ್ಟೋ ಒಳ್ಳೆ ಕಾರ್ಡು ಕೆಟ್ಟಿರೋದು ಹಾಗೆ. ಮತ್ತೆ ದಯವಿಟ್ಟು ಸೀರೆ ಇಡುವ ಬೀರುವಿನಲ್ಲಿ ಇಡಬೇಡಿ. ನುಸಿಗುಳಿಗೆಯ ಆವಿ ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ, ವಾಸನೆಯಂತೂ ಕಾರ್ಡಿನಿಂದ ಹೋಗುವುದೇ ಇಲ್ಲ, ಕೊಂಡವರು ಅದಕ್ಕೂ ದೂರು ಕೊಡ್ತಾರೆ. ಬೆಳ್ಳಿಹುಳದ ಭಯಕ್ಕೆ ಬಿಗಿಯಾಗಿ ಮುಚ್ಚುವ ಡಬ್ಬಿ ಸಾಕು.

---

ಕುಡ್ಲ_ಬೈಂಡರ್:

ಪಿಕಾಚು ದೀಪದಡಿ ನೋಡಿದೆ. ಮೂಲೆಗಳು ಚೂಪಾಗಿವೆ, ಹಿಂಬದಿ ಬಿಳಿ ಇಲ್ಲ, ಎಡ-ಬಲ 52/48, ಮೇಲೆ-ಕೆಳಗೆ 54/46. ಅದನ್ನೂ ಚಾರಿಝಾರ್ಡನ್ನೂ ಕಳಿಸುವ ಅಂತ ಇದ್ದೇನೆ. ಪ್ಯಾಕ್ ಮಾಡುವ ಕ್ರಮ ಹೇಳಿ. ಉಳಿದ ಕಾಮನ್‌ಗಳನ್ನು ಏನು ಮಾಡಲಿ?

---

ಸ್ಯಾನ್‌ಹೊಸೆ_ಸ್ಲೀವ್ ಉತ್ತರ:

ಗ್ರೇಡಿಂಗ್‌ಗೆ ಗಟ್ಟಿ ಟಾಪ್‌ಲೋಡರ್ ಬೇಡ, ಕಾರ್ಡ್ ಸೇವರ್ 1 ಅನ್ನುವ ಮೆತ್ತಗಿನ ಕವಚ ಬೇಕು. ಟಾಪ್‌ಲೋಡರಿನಿಂದ ತೆಗೆಯುವಾಗ ಮೂಲೆಗೆ ಪೆಟ್ಟಾಗುತ್ತೆ.

ಕೈ ತೊಳೆದು ಒರೆಸಿಕೊಳ್ಳಿ. ಪೆನ್ನಿ ಸ್ಲೀವಿನ (ಮಾಮೂಲಿ ತೆಳು ಸ್ಲೀವಿನ) ಬಾಯಿಯನ್ನು ಸ್ವಲ್ಪ ಅಗಲಿಸಿ ಕಾರ್ಡನ್ನು ಜಾರಿಬಿಡಿ, ಮೂಲೆ ಸ್ಲೀವಿನ ಅಂಚಿಗೆ ತಾಗಬಾರದು. ಸ್ಲೀವಿನ ತುದಿಗೆ ಎಳೆಯಲು ಅನುಕೂಲವಾಗುವಂತೆ ಸಣ್ಣ ಪೇಪರ್ ಟೇಪ್ ತುಂಡು ಅಂಟಿಸಿ, ಸೆಲೋಟೇಪ್ ಬೇಡ. ಅದನ್ನು ಕಾರ್ಡ್ ಸೇವರಿಗೆ ಇಳಿಸಿ. ಬಾಯಿ ಅಂಟಿಸಬೇಡಿ. ಅರ್ಜಿಯಲ್ಲಿ ಬರೆದ ಕ್ರಮದಲ್ಲೇ ಕಾರ್ಡು ಜೋಡಿಸಿ, ಎರಡೂ ಬದಿಗೆ ಕಾರ್ಡಿಗಿಂತ ದೊಡ್ಡ ರಟ್ಟು ಇಟ್ಟು ರಬ್ಬರ್ ಬ್ಯಾಂಡ್ ಸಡಿಲವಾಗಿ ಹಾಕಿ. ಬಿಗಿ ಹಾಕಿದರೆ ರಟ್ಟಿನ ಅಂಚೇ ಕಾರ್ಡಿಗೆ ಒತ್ತುತ್ತೆ. ಬಬಲ್ ರ‍್ಯಾಪ್, ಆಮೇಲೆ ಗಟ್ಟಿ ಪೆಟ್ಟಿಗೆ. ಅಲ್ಲಾಡಿಸಿದಾಗ ಸದ್ದು ಬರಬಾರದು.

ಅರ್ಜಿಯಲ್ಲಿ ಪಿಕಾಚುವನ್ನು ಶ್ಯಾಡೋಲೆಸ್, ಕೆಂಪು ಕೆನ್ನೆ ಅಂತ ನಿಖರವಾಗಿ ಆರಿಸಿ. ಬರೀ ‘ಪಿಕಾಚು ಬೇಸ್ ಸೆಟ್’ ಅಂತ ಬಿಟ್ಟು ಲೇಬಲ್ ತಪ್ಪಾಗಿ ಬಂದರೆ ಸರಿಪಡಿಸಲು ಮತ್ತೆ ಕಳಿಸಬೇಕು. ಮುಚ್ಚುವ ಮೊದಲು ಎರಡೂ ಕಾರ್ಡಿನ ಎರಡೂ ಬದಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಅಮೆರಿಕಕ್ಕೆ ಹೊರಟ ನೆಂಟರ ಕೈಲಿ ಕಳಿಸುವುದಾದರೆ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಸೂಟ್‌ಕೇಸಿಗೆ ಬೇಡ.

ಕಾಮನ್‌ಗಳು: ಒಂದೊಂದನ್ನೇ ಮಾರಿದರೆ ಅಂಚೆ ಖರ್ಚೂ ಹುಟ್ಟಲ್ಲ. ನಾಲ್ಕು ಇಸವಿ ಇರುವುದನ್ನೂ ನಕ್ಷತ್ರ ಇರುವುದನ್ನೂ ಹೊರತೆಗೆದು, ಮಿಕ್ಕಿದ್ದನ್ನು ಸೆಟ್ ಪ್ರಕಾರ ನಂಬರಿನ ಕ್ರಮದಲ್ಲಿ ಜೋಡಿಸಿ ಒಂದೇ ಲಾಟಾಗಿ ಹಾಕಿ. ಯಾವ ನಂಬರ್ ಇದೆ, ಯಾವುದು ಇಲ್ಲ ಅಂತ ಪಟ್ಟಿ ಕೊಟ್ಟರೆ, ಸೆಟ್ ಪೂರ್ತಿ ಮಾಡುವವರು ‘ಮುನ್ನೂರು ಹಳೇ ಕಾರ್ಡು’ ಅನ್ನುವ ಲಾಟಿಗಿಂತ ಹೆಚ್ಚು ಕೊಡ್ತಾರೆ.